ಲ್ಯಾನ್ ಕಾರ್ಡಿನ ಚರಿತ್ರೆ ಮತ್ತು ಹಳೆಯ ಗಣಕಯಂತ್ರ



ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಹೊಯ್ಸಳರ ಗುಡಿಗಳ ಕಡೆಗೋ ಹಾಗಲವಾಡಿ ಪಾಳೆಯಗಾರರ ಕಡೆಗೋ ಹೊರಳುವುದು ಸಹಜ. ಆದರೆ ಅಂಗೈಯಗಲದ ಒಂದು ಹಸಿರು ಹಲಗೆಗೂ ಐವತ್ತು ವರ್ಷಗಳ ಚರಿತ್ರೆಯಿದೆ. ಅಂಗಡಿಯವರು ಲ್ಯಾನ್ ಕಾರ್ಡ್ ಎಂದು ಕರೆಯುವ, ಒಂದು ಗಣಕಯಂತ್ರವನ್ನು ಇನ್ನೊಂದರೊಡನೆ ಮಾತನಾಡಿಸುವ ಕಾರ್ಡು ಅದು. ಅದರ ಚರಿತ್ರೆಯನ್ನು ಬಲ್ಲವನಿಗೆ ಅದರ ದೋಷವನ್ನು ಹುಡುಕುವ ದಾರಿಯೂ ತಿಳಿದಿರುತ್ತದೆ ಎಂಬುದೇ ಈ ಲೇಖನದ ತಾತ್ಪರ್ಯ.

ಮೊದಲು ಮೂಲವನ್ನು ನೋಡೋಣ. ಹವಾಯಿ ದ್ವೀಪಗಳ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೋ ತರಂಗಗಳ ಮೂಲಕ ಗಣಕಗಳನ್ನು ಜೋಡಿಸುವ ಅಲೋಹಾ ಜಾಲವನ್ನು ನಡೆಸಿದರು. ಆ ವಿಚಾರದಿಂದ ಪ್ರೇರಿತರಾದ ರಾಬರ್ಟ್ ಮೆಟ್‌ಕಾಫ್ ಎಂಬ ತರುಣ ತಂತ್ರಜ್ಞರು ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1973ರ ಮೇ 22ರಂದು ಒಂದು ಟಿಪ್ಪಣಿ ಬರೆದು, ತಂತಿಯ ಮೇಲೆ ನಡೆಯುವ ಜಾಲವೊಂದನ್ನು ವಿವರಿಸಿದರು. ಅದಕ್ಕೆ ಈಥರ್‌ನೆಟ್ ಎಂದು ಹೆಸರಿಟ್ಟರು. ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿಗಳು ಬೆಳಕು ಸಂಚರಿಸಲು ಈಥರ್ ಎಂಬ ಸರ್ವವ್ಯಾಪಿ ಮಾಧ್ಯಮ ಬೇಕೆಂದು ನಂಬಿದ್ದರು. ಮೈಕೆಲ್ಸನ್ ಮತ್ತು ಮೋರ್ಲೆಯವರ 1887ರ ಪ್ರಯೋಗದಲ್ಲಿ ಅದರ ಸುಳಿವು ಸಿಗಲಿಲ್ಲ. ವಿಜ್ಞಾನ ಕೈಬಿಟ್ಟ ಪದವೊಂದು ಹೀಗೆ ತಂತಿಗೆ ಬಂದು ಸೇರಿತು. ಡೇವಿಡ್ ಬಾಗ್ಸ್ ಅವರ ನೆರವಿನಿಂದ ನಿರ್ಮಾಣವಾದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್.

ಇದರ ನಿಯಮ ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆಲ್ಲ ಪರಿಚಿತವೇ. ಎಲ್ಲರೂ ಒಟ್ಟಿಗೆ ಉತ್ತರ ಹೇಳಿದರೆ ಯಾರ ಮಾತೂ ಕೇಳಿಸದು. ಆದ್ದರಿಂದ ಪ್ರತಿಯೊಂದು ಕಾರ್ಡೂ ಮೊದಲು ತಂತಿಗೆ ಕಿವಿಗೊಡುತ್ತದೆ. ನಿಶ್ಶಬ್ದವಾಗಿದ್ದರೆ ಮಾತ್ರ ಮಾತನಾಡುತ್ತದೆ. ಇಬ್ಬರು ಒಂದೇ ಕ್ಷಣದಲ್ಲಿ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗಿ, ತಮಗೆ ತೋಚಿದಷ್ಟು ಹೊತ್ತು ಕಾದು, ಮತ್ತೆ ಪ್ರಯತ್ನಿಸುತ್ತಾರೆ. ಮಾನಿಟರ್ ಇಲ್ಲದ ತರಗತಿಯಲ್ಲಿ ಇಷ್ಟು ಶಿಸ್ತು ಕಂಡವರುಂಟೇ?

ಮೆಟ್‌ಕಾಫ್ 1979ರಲ್ಲಿ ತ್ರೀಕಾಮ್ ಎಂಬ ಕಂಪನಿ ಕಟ್ಟಿದರು. 1983ರಲ್ಲಿ ಈಥರ್‌ನೆಟ್ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆಯ ಮಾನಕವಾಯಿತು. ಆ ಕಾಲದ ಅಗ್ಗದ ಜಾಲವೆಂದರೆ ಟಿ.ವಿ. ಕೇಬಲ್ಲನ್ನು ಹೋಲುವ ತೆಳುವಾದ ಒಂದೇ ತಂತಿ. ಅದರ ಒಂದು ತುಂಡು 185 ಮೀಟರ್ ಮೀರುವಂತಿರಲಿಲ್ಲ. ಪ್ರತಿ ಗಣಕದ ಹಿಂದೆ ಇಂಗ್ಲಿಷಿನ ಟಿ ಅಕ್ಷರದಂಥ ಜೋಡಣೆ. ಎರಡು ಕೊನೆಗಳಲ್ಲೂ 50 ಓಮ್‌ಗಳ ಮುಚ್ಚಳ. ಒಂದು ಮುಚ್ಚಳ ಕಳಚಿದರೂ ಸಂಕೇತ ಮರಳಿ ಬಂದು ಇಡೀ ಜಾಲ ನಿಂತುಹೋಗುತ್ತಿತ್ತು. ಜಾತ್ರೆಯಲ್ಲಿ ಸೀರಿಯಲ್ ಸೆಟ್ಟಿನ ಒಂದು ಬಲ್ಬು ಸುಟ್ಟರೆ ಸಾಲೆಲ್ಲ ಕತ್ತಲಾಗುವುದಿಲ್ಲವೇ, ಹಾಗೆ. 1990ರಲ್ಲಿ ಮಾನಕವಾದ ಹೆಣೆದ ತಂತಿಯ ಪದ್ಧತಿಯು ಈ ಕಷ್ಟವನ್ನು ನೀಗಿತು. ಪ್ರತಿ ಗಣಕದಿಂದ ಒಂದೊಂದು ಕೇಬಲ್ ಮಧ್ಯದ ಹಬ್ಬಿಗೆ ಹೋಗುತ್ತದೆ. ಒಂದು ಕೇಬಲ್ ಕೆಟ್ಟರೆ ಒಬ್ಬನಿಗೆ ಮಾತ್ರ ತೊಂದರೆ. ಕೇಬಲ್ ಕೂಡಿದರೆ ಉರಿಯುವ ಸಣ್ಣ ದೀಪವೂ ಕಾರ್ಡಿನ ಬೆನ್ನಿನಲ್ಲಿ ಕಾಣಿಸಿಕೊಂಡಿತು.

ಹೊರಗಿನ ಜಗಳ ಮುಗಿದರೂ ಒಳಗಿನ ಜಗಳ ಉಳಿದಿತ್ತು. ಕಾರ್ಡಿಗೆ ಸುದ್ದಿ ಬಂದಾಗ ಅದು ಪ್ರೊಸೆಸರಿನ ಗಮನ ಸೆಳೆಯಬೇಕು. ಅದಕ್ಕಾಗಿ ಐ.ಆರ್.ಕ್ಯೂ. ಎಂಬ ಸಾಲುಗಳು, 0ಯಿಂದ 15ರವರೆಗೆ ಒಟ್ಟು 16 ಮಾತ್ರ. ಅವುಗಳಲ್ಲಿ ಬಹುಪಾಲನ್ನು ಕೀಲಿಮಣೆ, ಗಡಿಯಾರ, ಡಿಸ್ಕುಗಳು ಮೊದಲೇ ಹಿಡಿದಿರುತ್ತಿದ್ದವು. ನೋವೆಲ್ ಕಂಪನಿಯ ಎನ್.ಇ.2000 ಮಾದರಿಯ ಕಾರ್ಡುಗಳು, ಅವುಗಳ ಅಸಂಖ್ಯ ನಕಲುಗಳು, ಸಾಮಾನ್ಯವಾಗಿ 3ನೆಯ ಸಾಲನ್ನೇ ಕೇಳುತ್ತಿದ್ದವು. ಗಣಕದ ಎರಡನೆಯ ಸೀರಿಯಲ್ ದ್ವಾರದ ಸಾಲೂ ಅದೇ! ಆ ದ್ವಾರದಲ್ಲಿ ಮೋಡೆಮ್ ಇದ್ದರೆ ಎರಡರಲ್ಲೊಂದು ಮೌನ ತಾಳುತ್ತಿತ್ತು. ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ಟೋಪಿಯನ್ನು ಚಿಮಟದಿಂದ ಕಿತ್ತು ಬೇರೆ ಕಡ್ಡಿಗೆ ತೊಡಿಸಿ, ಖಾಲಿಯಿರುವ ಸಾಲನ್ನು ಮನುಷ್ಯನೇ ಹಂಚಬೇಕಾಗಿತ್ತು. ಇಂಟೆಲ್ 1992ರಲ್ಲಿ ತಂದ ಪಿ.ಸಿ.ಐ. ಸ್ಲಾಟ್ ಮತ್ತು 1995ರ ವಿಂಡೋಸ್ 95 ಬಂದ ಮೇಲೆ ಈ ಹಂಚಿಕೆಯನ್ನು ಯಂತ್ರವೇ ವಹಿಸಿಕೊಂಡಿತು.

ನಮ್ಮ ನಾಡಿನ ಕಥೆಗೆ ಬರೋಣ. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರನಾಗಿತ್ತು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆಯಿತು. 2001ರ ಸುಮಾರಿಗೆ ಭೂಮಿ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದು, 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೇರಿದವು. ನಮ್ಮ ಹೋಬಳಿಯ ತೆಂಗಿನ ತೋಟದ ರೈತನೂ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವಂತಾಯಿತು. ಅದೇ ಸುಮಾರಿಗೆ ಮಾಹಿತಿ ಸಿಂಧು ಯೋಜನೆಯು ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ತಂದಿತು. ಬ್ರೌಸಿಂಗ್ ಸೆಂಟರುಗಳಲ್ಲಿ ಒಂದೇ ಟೆಲಿಫೋನ್ ತಂತಿಯನ್ನು ಹಲವು ಗಣಕಗಳು ಹಂಚಿಕೊಂಡದ್ದೂ ಈ ಕಾರ್ಡಿನಿಂದಲೇ; 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಲ್ಲಿ ಅದಕ್ಕೆ ಅನುಕೂಲವಿತ್ತು. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಹೊರಗೆ ಸಾಲುಗಟ್ಟಿದ ಮಕ್ಕಳಿಗೆ ಒಳಗಿನ ಹಬ್ಬಿನ ದೀಪ ಉರಿಯುತ್ತಿದೆಯೇ ಇಲ್ಲವೇ ಎಂಬುದು ಸಣ್ಣ ಸಂಗತಿಯಾಗಿರಲಿಲ್ಲ.

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಡೇಟಾಒನ್ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಹೊಸ ಮೋಡೆಮ್ಮಿನ ಕೇಬಲ್ ಹಿಡಿದು ನೋಡಿದರೆ ಎಷ್ಟೋ ಹಳೆಯ ಗಣಕಗಳಲ್ಲಿ ಅದನ್ನು ಸಿಕ್ಕಿಸುವ ದ್ವಾರವೇ ಇರಲಿಲ್ಲ. ಕೆಲವೇ ನೂರು ರೂಪಾಯಿಗಳ ಲ್ಯಾನ್ ಕಾರ್ಡು ಆಗ ಆ ಯಂತ್ರಗಳಿಗೆ ಮರುಜನ್ಮ ನೀಡಿತು.

ಈಗ ಅಳವಡಿಸುವ ಕ್ರಮ. ಮೇಲಿನ ಚರಿತ್ರೆಯ ಒಂದೊಂದು ಘಟ್ಟವೂ ಇಲ್ಲಿ ಒಂದೊಂದು ಪರೀಕ್ಷೆಯಾಗಿ ಬರುತ್ತದೆ. ವಿದ್ಯುತ್ ತಂತಿಯನ್ನು ಕಳಚಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ನೀಗಿಕೊಳ್ಳಿರಿ. ನಮ್ಮ ಕಡೆ ಕೊಬ್ಬರಿ ಸುಲಿಯುವ ಮನೆಗಳಲ್ಲಿ ನಾರಿನ ಧೂಳು ಸ್ಲಾಟಿನೊಳಗೂ ಸೇರಿರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಕಾರ್ಡಿನ ಹೊಂಬಣ್ಣದ ಅಂಚು ಮಸುಕಾಗಿದ್ದರೆ ರಬ್ಬರಿನಿಂದ ಹಗುರವಾಗಿ ಉಜ್ಜಿರಿ. ಸ್ಲಾಟಿಗೆ ನೇರವಾಗಿ ಒತ್ತಿ ಸ್ಕ್ರೂ ಬಿಗಿಯಿರಿ.

ಕೆಲಸ ಮಾಡದಿದ್ದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಮೊದಲನೆಯದು ತಂತಿ: ಬೆನ್ನಿನ ದೀಪ ಉರಿಯುತ್ತಿದೆಯೇ? ಇಲ್ಲದಿದ್ದರೆ ಕೇಬಲ್ ಬದಲಿಸಿ, ಇಲಿ ಕಡಿದಿರಬಹುದು. ಹಬ್ಬಿಲ್ಲದೆ ಎರಡು ಹಳೆಯ ಗಣಕಗಳನ್ನು ನೇರವಾಗಿ ಜೋಡಿಸುವುದಾದರೆ ಕ್ರಾಸ್ ಕೇಬಲ್ ಬೇಕು. ಎರಡನೆಯದು ಸಾಲಿನ ಜಗಳ: ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಕಂಡರೆ ಡ್ರೈವರ್ ಸರಿಯಿಲ್ಲ, ಇಲ್ಲವೇ ಎರಡು ಕಾರ್ಡುಗಳು ಒಂದೇ ಸಾಲಿಗೆ ಹೊಡೆದಾಡುತ್ತಿವೆ, ಬೇರೆ ಸ್ಲಾಟಿಗೆ ಹಾಕಿ ನೋಡಿರಿ. ಮೂರನೆಯದು ವಿಳಾಸ: 127.0.0.1ಕ್ಕೆ ಪಿಂಗ್ ಮಾಡಿದರೆ ಉತ್ತರ ಬರಬೇಕು. ಬಾರದಿದ್ದರೆ ದೋಷ ತಂತ್ರಾಂಶದಲ್ಲಿದೆ. ಗಣಕವು 169.254 ಎಂದು ಆರಂಭವಾಗುವ ವಿಳಾಸ ತೋರಿಸಿದರೆ, ಕೇಳಿದವರು ಯಾರೂ ವಿಳಾಸ ಕೊಡದೆ ಅದು ತಾನೇ ಇಟ್ಟುಕೊಂಡಿದೆ ಎಂದರ್ಥ. ಕೊನೆಯಲ್ಲಿ ಮೋಡೆಮ್ಮಿಗೆ ಪಿಂಗ್ ಮಾಡಿರಿ. ಅದು ಉತ್ತರ ಕೊಟ್ಟರೆ ನಿಮ್ಮ ಕಾರ್ಡು ನಿರ್ದೋಷಿ. ತಪ್ಪನ್ನು ಮನೆಯಾಚೆ ಹುಡುಕಿರಿ.

ನಮ್ಮ ಸೀಮೆಯಲ್ಲಿ ಇನ್ನೊಂದು ವೈರಿಯುಂಟು, ಸಿಡಿಲು. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ತೋಟದ ಮೇಲೆ ಬರುವ ತಂತಿಗಳು ಸಿಡಿಲಿನ ಆಘಾತವನ್ನು ಮೋಡೆಮ್ಮಿಗೂ, ಅಲ್ಲಿಂದ ಗಣಕಕ್ಕೂ ತರುತ್ತವೆ. ಗುಡುಗು ಕೇಳುವ ಮುನ್ನವೇ, ಮೋಡ ಕವಿದೊಡನೆ, ಎರಡೂ ತಂತಿಗಳನ್ನು ಕಳಚಿಡುವುದು ಒಳಿತು. ಮದರ್‌ಬೋರ್ಡಿನಲ್ಲೇ ಇರುವ ದ್ವಾರ ಸುಟ್ಟರೂ ಉಳಿದ ಯಂತ್ರ ನಡೆಯುತ್ತಿದ್ದರೆ ಧೈರ್ಯಗೆಡಬೇಡಿರಿ. ಸೆಟಪ್ಪಿನಲ್ಲಿ ಆ ದ್ವಾರವನ್ನು ನಿಲ್ಲಿಸಿ, ಖಾಲಿ ಸ್ಲಾಟಿಗೊಂದು ಕಾರ್ಡು ಹಾಕಿದರೆ ಸಾಕು. "ಇದು ಹೋಯಿತು, ಹೊಸದು ತನ್ನಿ" ಎಂಬ ಮಾತನ್ನು ಅದಕ್ಕೆ ಮೊದಲು ನಂಬಬಾರದು.

ಒಂದು ಎಚ್ಚರಿಕೆ. ವಿಂಡೋಸ್ 98ಕ್ಕೆ 2006ರಲ್ಲಿ, ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ ಕಂಪನಿಯ ಆಸರೆ ನಿಂತಿತು. ಅವುಗಳಿರುವ ಗಣಕವನ್ನು ಕೋಣೆಯೊಳಗಿನ ಜಾಲಕ್ಕೆ ಸೇರಿಸಬಹುದೇ ಹೊರತು ಅಂತರ್ಜಾಲಕ್ಕೆ ತೆರೆಯುವುದು ಕ್ಷೇಮವಲ್ಲ. ಹಗುರವಾದ ಲಿನಕ್ಸ್ ಹಾಕಿದರೆ ಎಷ್ಟೋ ಹಳೆಯ ಯಂತ್ರಗಳು ಇನ್ನೂ ದುಡಿಯುತ್ತವೆ.

ಮೆಟ್‌ಕಾಫ್ ಅವರಿಗೆ ಈಥರ್‌ನೆಟ್ಟಿಗಾಗಿ 2022ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬಾಗ್ಸ್ ತೀರಿಕೊಂಡಿದ್ದರು. ಇಂದು ಮನೆಗೆ ಆಪ್ಟಿಕಲ್ ಫೈಬರ್ ಬಂದರೂ ಅದರ ಡಬ್ಬಿಯ ಬೆನ್ನಿನಲ್ಲಿ ಅದೇ ದ್ವಾರ, ಅದೇ ಪುಟ್ಟ ದೀಪ.

ನನ್ನ ಶಿಷ್ಯರಲ್ಲಿ ಹಲವರು ಬೆಂಗಳೂರಿನಲ್ಲಿ ಇದಕ್ಕಿಂತ ಸಾವಿರ ಪಾಲು ದೊಡ್ಡ ಜಾಲಗಳನ್ನು ನೋಡಿಕೊಳ್ಳುತ್ತಿದ್ದೀರಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ನೀವು ಓದಿದ ಶಾಲೆಯ ಮೂಲೆಯ ಕೋಣೆಗೆ ಒಮ್ಮೆ ಹೋಗಿಬನ್ನಿರಿ. ಬಟ್ಟೆ ಮುಚ್ಚಿಟ್ಟ ಗಣಕಗಳನ್ನು ಗುಜರಿಗೆ ಹಾಕುವ ಮುನ್ನ ಅವುಗಳ ತಂತಿ, ಸಾಲು, ವಿಳಾಸ ಎಂಬ ಮೂರನ್ನು ಮಕ್ಕಳ ಮುಂದೆಯೇ, ಮಕ್ಕಳ ಕೈಯಿಂದಲೇ ಪರೀಕ್ಷಿಸಿರಿ. ಯಂತ್ರ ಎದ್ದರೆ ಸಂತೋಷ. ಏಳದಿದ್ದರೂ, ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ಆ ಮಕ್ಕಳು ಕಲಿತಿರುತ್ತಾರೆ.