ನಮ್ಮ ಆಕಳಾ ಸತ್ತದ್ದು ಯಾರ ಕಣ್ಣಿಗೂ ಅಲ್ಲ

ಅವ್ವ ಮದುವಿಯಾಗಿ ಬಂದಾಗ ತವರವರು ಒಂದು ಆಕಳಾ ಕೊಟ್ಟಿದ್ರಂತ. 1972ರ ಬರಗಾಲ. ಹಸದಿದ್ದ ಆಕಳಾ, ನಾಕು ಹನಿ ಮಳಿ ಬಿದ್ದ ಮ್ಯಾಲೆ, ಜ್ವಾಳ ಕೊಯ್ದ ಹೊಲದಾಗ ಬುಡದಿಂದ ಚಿಗತಿದ್ದ ಹಸರು ಕೂಳಿಗೆ ಬಾಯಿ ಹಾಕ್ತು. ಅರ್ಧ ತಾಸಿನಾಗ ಬಾಯಿತುಂಬ ನೊರಿ, ಏದುಸಿರು. ಕಾಲು ನಡಗಿ ದಪ್ಪಂತ ಬಿತ್ತು. ದನದ ಡಾಕ್ಟರು ಬರೂದ್ರಾಗ ಜೀವಾ ಹೋಗಿತ್ತು.

ಅವತ್ತ ಮುಂಜಾನೆ ಹಿಂದಿನ ಓಣಿಯಾಕಿ ಮಜ್ಜಿಗಿಗೆ ಬಂದು, "ಇಂಥಾ ಬರದಾಗೂ ನಿಮ್ಮ ಆಕಳಾ ಹಾಲು ಕೊಡತೈತಲ್ಲ!" ಅಂದಿದ್ಲು. ಅಷ್ಟ ಸಾಕಾತು. ಅಕಿ ಕಣ್ಣೇ ಬಿದ್ದದ್ದು ಅಂದ್ರು ಎಲ್ಲಾರೂ. ಆಮ್ಯಾಲೆ ಅಕಿನ್ನ ನಮ್ಮ ಮನಿಯವರು ಅರಿಷಿಣ-ಕುಂಕುಮಕ್ಕೂ ಕರೀಲಿಲ್ಲ.

ಎಳೆ ಜ್ವಾಳದ ವಿಷಾ ಆವಾಗ್ಲೇ ಎಪ್ಪತ್ತು ವರ್ಷದ ಹಳೇ ಸುದ್ದಿ. 1902ರಾಗ ಇಂಗ್ಲೆಂಡಿನ ಡನ್‌ಸ್ಟನ್ ಮತ್ತು ಹೆನ್ರಿ ಅನ್ನೂ ರಸಾಯನಶಾಸ್ತ್ರಜ್ಞರು ಎಳೆ ಪೈರಿನಿಂದ ಒಂದು ವಸ್ತು ಬ್ಯಾರೆ ತಗದು 'ಧುರ್ರಿನ್' ಅಂದ್ರು. ಅರಬ್ಬೀ ಭಾಷಾದಾಗ ಜ್ವಾಳಕ್ಕ ಧುರ್ರಾ ಅಂತಾರ. ದನ ಅಗದಾಗ ಅದು ಒಡದು ಸೈನೈಡ್ ಹುಟ್ಟತೈತಿ. ರಕ್ತದಾಗ ಪ್ರಾಣವಾಯು ಇದ್ರೂ ಮೈ ಅದನ್ನ ಬಳಸಲಾರದು. ಅದಕ್ಕ ರಕ್ತ ಕೆಂಪಗೇ ಉಳೀತೈತಿ. ಆಕಳಾ ಬಿದ್ದಾಗ ಒಸಡು ಕುಂಕುಮದಂಗ ಕೆಂಪಿದ್ವು ಅಂತ ಅವ್ವ ಈಗೂ ಹೇಳ್ತಾಳ. ಅಜ್ಜಿ ಅದನ್ನೂ ದೇವಿ ಸಿಟ್ಟು ಅಂದಿದ್ಲು.

ಮದ್ದೂ ಇತ್ತು. 1933ರಾಗ ಅಮೇರಿಕಾದ ಕೆ. ಕೆ. ಚೆನ್ ಮತ್ತು ಸಂಗಡಿಗರು ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಎರಡೂ ಕೂಡಿಸಿ ಕೊಟ್ರ ಸೈನೈಡಿಗೆ ಎದುರು ನಿಲ್ತಾವ ಅಂತ ನಾಯಿಗಳ ಮ್ಯಾಲೆ ತೋರಿಸಿದ್ರು. ಡಾಕ್ಟರು ಇವತ್ತೂ ಅವನ್ನ ನರಕ್ಕ ಚುಚ್ಚತಾರ. ಎರಡನೇದ್ದು ಅಂದ್ರ ಹಿಂದಕ ಫೋಟೋ ಸ್ಟುಡಿಯೋದಾಗ ಬಳಸ್ತಿದ್ದ ಹೈಪೋನೇ, ನೋಡ್ರಿ.

ಆದ್ರ ಹೊತ್ತು ಸಿಗೂದಿಲ್ಲ. ಹಿಂಗಾದ್ರ ಮೊದಲು ಉಳದ ದನಾ ಹೊಲದಿಂದ ಹೊರಗ ಹೊಡೀರಿ, 1962ಕ್ಕ ಫೋನ್ ಮಾಡ್ರಿ. ಏದುಸಿರು ಬಿಡೂ ದನಕ್ಕ ಗೊಟ್ಟದಾಗ ಬೆಲ್ಲದ ನೀರು, ಮಜ್ಜಿಗಿ ಹೊಯ್ಯಬ್ಯಾಡ್ರಿ, ಪುಪ್ಪುಸಕ್ಕ ಇಳೀತೈತಿ. ಪೈರು ಟೊಂಕದ ಮಟ್ಟ ಬೆಳೀದಿದ್ರ ದನಾ ಬಿಡಬ್ಯಾಡ್ರಿ. ಬಾಡಿದ್ದು, ಕೂಳಿ ಚಿಗತದ್ದು ಇನ್ನೂ ಕೆಟ್ಟ. ಚಂದಗೆ ಒಣಗಿದ ಕಣಿಕಿಗೆ ಆ ಅಂಜಿಕಿಲ್ಲ.

ಇದೆಲ್ಲಾ ಓದಿ ಹೇಳಿದಾಗ ಅವ್ವ ಭಾಳ ಹೊತ್ತು ಸುಮ್ಮನ ಕುಂತ್ಲು. "ಹಂಗಾರ ಅಕೀದೇನೂ ಇರಲಿಲ್ಲೇನು?" ಅಂದ್ಲು. ಅಕಿ ತೀರಿ ಹತ್ತು ವರ್ಷಾತು. ಈ ಪಂಚಮಿಗೆ ಅವ್ವ ತಾನ ಶೇಂಗಾ ಉಂಡಿ ಕಟ್ಟಿ, ಅಕಿ ಸೊಸಿ ಮನಿಗೆ ಕೊಟ್ಟು ಬಂದ್ಲು.