ಉರುಳಗಡ್ಡೆ, ಬಟಾಟೆ, ಕಾರ್ಟೋಫೆಲ್: ಚಿಪ್ಸಿನ ಹಿಂದಿನ ಕಥೆ



ಈ ಯುಗಾದಿ ಕೂಟಕ್ಕೆ ಅಂಗಡಿಯ ಪೊಟ್ಟಣ ಬೇಡ, ನಾವೇ ಚಿಪ್ಸ್ ಕರಿಯೋಣವೆಂದು ನಿಶ್ಚಯಿಸಿದ್ದೆವು. ಕೋಲಾರದ ಸೋದರಿಯೊಬ್ಬರು “ಐದು ಕಿಲೋ ಉರುಳಗಡ್ಡೆ ತನ್ನಿ” ಎಂದರು. ಧಾರವಾಡದ ಮಿತ್ರರು ಐದು ಕಿಲೋ ಈರುಳ್ಳಿ ಹೊತ್ತು ತಂದರು! ಅವರ ಕಡೆ ಉಳ್ಳಾಗಡ್ಡಿ ಎಂದರೆ ಈರುಳ್ಳಿಯೇ ತಾನೆ? ನಗು ಮುಗಿದ ಮೇಲೆ ಮಕ್ಕಳು ಕೇಳಿದರು: “ಹಾಗಾದರೆ ಕಾರ್ಟೋಫೆಲ್‌ಗೆ ಕನ್ನಡದಲ್ಲಿ ಸರಿಯಾದ ಹೆಸರು ಯಾವುದು?”

ಎಲ್ಲವೂ ಸರಿಯೇ. ಈ ಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ತಂದರು. ಹೋದಲ್ಲೆಲ್ಲ ಜನ ಹೊಸಬನಿಗೆ ತಮಗೆ ತಿಳಿದ ಹೆಸರಿಟ್ಟರು. ‘ಬಟಾಟ’ ಮೂಲತಃ ಕೆರಿಬಿಯನ್ ದ್ವೀಪಗಳಲ್ಲಿ ಗೆಣಸಿನ ಹೆಸರು. ಪೋರ್ಚುಗೀಸರ ಬಾಯಿಂದ ನಮ್ಮ ಕರಾವಳಿಗೆ ಬಂದು ಬಟಾಟೆಯಾಯಿತು. ‘ಆಲು’ ಸಂಸ್ಕೃತದಲ್ಲಿ ಬೇರೆ ಗಡ್ಡೆಗಳಿಗಿದ್ದ ಹಳೆಯ ಪದ. ಉರುಳಗಡ್ಡೆ ತಮಿಳಿನ ‘ಉರುಳೈಕ್ಕಿಳಂಗು’ವಿನ ನಂಟು. ಜರ್ಮನರ ಕಾರ್ಟೋಫೆಲ್ ಹುಟ್ಟಿದ್ದು ನೆಲದೊಳಗೆ ಬೆಳೆಯುವ ಅಣಬೆಗೆ ಇಟಲಿಯವರು ಇಟ್ಟ ಹೆಸರಿನಿಂದ. ನಮ್ಮ ಹ್ಯಾಂಬರ್ಗಿನ ಹಳೆಯ ಪ್ಲಾಟ್‌ಡಾಯ್ಚ್ ನುಡಿಯಲ್ಲಿ ಅದೇ ‘ಕಾಂಟ್ಯುಫೆಲ್’. ಆಸ್ಟ್ರಿಯದಲ್ಲಿ ‘ಎರ್ಡಾಪ್ಫೆಲ್’, ಅಂದರೆ ನೆಲದ ಸೇಬು! ಇಂದು ಆಲೂಗಡ್ಡೆಯಿಲ್ಲದ ಜರ್ಮನ್ ಊಟ ಊಹಿಸಲಾರೆವು; ಆದರೆ 1756ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್ ಇದನ್ನು ಬೆಳೆಸಲು ಆಜ್ಞೆಯನ್ನೇ ಹೊರಡಿಸಬೇಕಾಯಿತು.

ಚಿಪ್ಸನ್ನು 1853ರಲ್ಲಿ ಅಮೆರಿಕದ ಸಾರಾಟೋಗಾದಲ್ಲಿ ಜಾರ್ಜ್ ಕ್ರಮ್ ಎಂಬ ಬಾಣಸಿಗ ಕಂಡುಹಿಡಿದನೆಂಬ ಕಥೆಯುಂಟು. ಆದರೆ 1817ರಲ್ಲೇ ಇಂಗ್ಲೆಂಡಿನ ವಿಲಿಯಂ ಕಿಚನರ್ ತಮ್ಮ ಅಡುಗೆ ಪುಸ್ತಕದಲ್ಲಿ ತೆಳ್ಳಗೆ ಹೆಚ್ಚಿ ಕರಿಯುವ ವಿಧಾನ ಬರೆದಿದ್ದರು. ಜರ್ಮನಿಯಲ್ಲಿ 1951ರಲ್ಲಿ ಫ್ರಾಂಕ್‌ಫರ್ಟ್ ಬಳಿ ಫ್ಲೆಸ್ನರ್ ಕುಟುಂಬ ಅಮೆರಿಕದ ಸೈನಿಕರಿಗಾಗಿ ಚಿಪ್ಸ್ ತಯಾರಿಕೆ ಆರಂಭಿಸಿತು. ಇಲ್ಲಿನವರಿಗೆ ಪಾಪ್ರಿಕಾ ಪುಡಿಯ ‘ಉಂಗಾರಿಷ್’ ರುಚಿ ಅಚ್ಚುಮೆಚ್ಚು. ನಮಗೋ ಅಚ್ಚಖಾರದ ಪುಡಿ, ಇಂಗು. ಹೆಸರಿನ ಗೊಂದಲ ಇಲ್ಲಿಯೂ ತಪ್ಪಿದ್ದಲ್ಲ: ಲಂಡನ್ನಿನಲ್ಲಿ ‘ಚಿಪ್ಸ್’ ಕೇಳಿದರೆ ಪೊಮ್ಮೆಸ್ ಬರುತ್ತದೆ, ನಮ್ಮದು ಅಲ್ಲಿ ‘ಕ್ರಿಸ್ಪ್ಸ್’. ಮುಂಬಯಿಯಲ್ಲಿ ‘ವೇಫರ್ಸ್’. ಪುತ್ತೂರು–ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಹಲಸಿನಕಾಯಿಯ ಚಿಪ್ಸಿಗೆ ‘ಸೋಂಟೆ’ ಎನ್ನುತ್ತಾರೆ.

ಅಂದು ನಾವು ಕರಿದ ಮೊದಲ ಬಾಣಲೆ ಕಪ್ಪಾಯಿತು. ತಪ್ಪು ಎಣ್ಣೆಯದಲ್ಲ, ಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟಿದ್ದ ನಮ್ಮದು. ಅತಿ ತಂಪಿನಲ್ಲಿ ಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ಕರಿದಾಗ ಬೇಗ ಕಂದುತ್ತದೆ. ಹೊಸ ಗಡ್ಡೆ ತಂದು, ಬಿಲ್ಲೆಗಳನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ ಕರಿದೆವು. ಅರ್ಧ ಗಂಟೆಯಲ್ಲಿ ತಟ್ಟೆ ಖಾಲಿ! ಈರುಳ್ಳಿಯೂ ವ್ಯರ್ಥವಾಗಲಿಲ್ಲ, ಬಜ್ಜಿಯಾಯಿತು.

ನಮ್ಮ ಮಕ್ಕಳಿಗೆ ‘ಕಾರ್ಟೋಫೆಲ್’ ಒಂದೇ ಸಾಕಾಗಬಹುದು. ಆದರೆ ಊರಿನಿಂದ ಅಜ್ಜಿ ಫೋನಿನಲ್ಲಿ “ಬಟಾಟೆ ಪಲ್ಯ ಮಾಡಿದ್ದೇನೆ” ಎಂದಾಗ ಮೊಮ್ಮಗು “ಹಾಗೆಂದರೇನು?” ಎಂದು ಕೇಳಬಾರದಲ್ಲವೇ? ಮಕ್ಕಳೇ, ಈ ಭಾನುವಾರ ಅಜ್ಜಿಗೆ ಫೋನು ಮಾಡಿ, ಅವರ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿ ನಮಗೆ ಬರೆಯಿರಿ. ಬಂದ ಹೆಸರುಗಳನ್ನೆಲ್ಲ ಊರಿನ ಹೆಸರಿನೊಂದಿಗೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.