ಶ್ರುತಭಂಡಾರ ಮತ್ತು ಶಾಸ್ತ್ರದಾನ: ಕಾರ್ಕಳ ಸೀಮೆಯ ಓಲೆಗ್ರಂಥಗಳನ್ನು ಕುರಿತು

ಕಾರ್ಕಳದಿಂದ ಹೆಬ್ರಿಯ ಕಡೆಗೆ ಸಾಗುವ ದಾರಿಯಲ್ಲಿ ಹಿರ್ಗಾನವನ್ನು ದಾಟಿದ ಮೇಲೆ ದೊರೆಯುವ ಗ್ರಾಮ ಅಜೆಕಾರು. ಭೈರರಸ ಮನೆತನದೊಡನೆ ಸಂಬಂಧವುಳ್ಳ ಕೆರ್ವಾಶೆ, ಕೆರೆಬಸದಿಯಿಂದ ಪ್ರಸಿದ್ಧವಾದ ವರಂಗ, ಕ್ರಿ.ಶ. 1432ರಲ್ಲಿ ವೀರಪಾಂಡ್ಯನು ಬಾಹುಬಲಿಸ್ವಾಮಿಯ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಕಾರ್ಕಳ ಇವೆಲ್ಲವೂ ಅದರ ಸುತ್ತಿನ ಊರುಗಳು. ಕಾರ್ಕಳದ ದಕ್ಷಿಣಕ್ಕೆ ಮೂಡುಬಿದಿರೆ. ಕಾಲ್ನಡಿಗೆಯ ಕಾಲದಲ್ಲಿಯೂ ಇವು ಪರಸ್ಪರ ದೂರವಾಗಿರಲಿಲ್ಲ. ಧವಲಾ, ಜಯಧವಲಾ, ಮಹಾಧವಲಾ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಸಿದ್ಧಾಂತಗ್ರಂಥಗಳ ಪ್ರಾಚೀನ ತಾಡಪತ್ರಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದುವೆಂಬುದು ವಿದ್ವಾಂಸರಿಗೆ ಸುವಿದಿತ. ಆದರೂ ಬಹುಕಾಲದವರೆಗೆ ಅವು ಈ ಸೀಮೆಯ ಶ್ರಾವಕರಿಗೆ ದರ್ಶನದ ವಸ್ತುಗಳಾಗಿದ್ದುವೇ ಹೊರತು ಅಧ್ಯಯನದ ಗ್ರಂಥಗಳಾಗಿರಲಿಲ್ಲ. ಗ್ರಂಥದ ಸಮೀಪದಲ್ಲಿರುವುದು ಬೇರೆ, ಗ್ರಂಥವು ಲಭ್ಯವಾಗುವುದು ಬೇರೆ. ಈ ಎರಡರ ನಡುವಣ ಅಂತರವು ಹೇಗೆ ಏರ್ಪಟ್ಟಿತು, ಹೇಗೆ ಕಿರಿದಾಯಿತು, ಇನ್ನೂ ಎಷ್ಟು ಉಳಿದಿದೆ ಎಂಬುದು ಪ್ರಕೃತ ಲೇಖನದ ವಿಷಯ.

ಜೈನಾಗಮವು ಲಿಪಿಬದ್ಧವಾದುದರ ಮೂಲದಲ್ಲಿಯೇ ಜ್ಞಾನವನ್ನು ಹಂಚಿಕೊಳ್ಳುವ ಸಂಕಲ್ಪವಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವಿಚ್ಛೇದದ ಭಯದಿಂದ ಇಬ್ಬರು ಸಮರ್ಥ ಮುನಿಗಳನ್ನು ಕರೆಸಿಕೊಂಡು ತಮಗೆ ತಿಳಿದುದನ್ನು ಉಪದೇಶಿಸಿದರು. ಆ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ರಚಿಸಿದರು. ಗ್ರಂಥವು ಪೂರ್ಣಗೊಂಡು ಸಂಘದಿಂದ ಪೂಜಿತವಾದ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿಯಾಯಿತು. ಒಬ್ಬರ ಸ್ಮೃತಿಯಲ್ಲಿ ಮಾತ್ರ ನಿಂತ ಶ್ರುತವು ಆ ವ್ಯಕ್ತಿಯೊಡನೆ ಅಳಿಯುವುದೆಂಬ ಅರಿವೇ ಈ ಪರ್ವದ ಬೀಜ.

ಈ ಅರಿವು ಶ್ರಾವಕಾಚಾರದಲ್ಲಿ ಶಾಸ್ತ್ರದಾನವೆಂಬ ರೂಪವನ್ನು ತಳೆಯಿತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನಫಲಕ್ಕೆ ನಿದರ್ಶನರಾಗಿ ಹೆಸರಿಸಲ್ಪಟ್ಟವರಲ್ಲಿ ಕೌಂಡೇಶನೂ ಒಬ್ಬನು. ಟೀಕಾಕಾರನಾದ ಪ್ರಭಾಚಂದ್ರನು ಅವನ ಪೂರ್ವಭವದ ಕಥೆಯನ್ನು ಹೇಳಿದ್ದಾನೆ. ಗೋವಿಂದನೆಂಬ ಗೋಪಾಲಕನಿಗೆ ಮರದ ಪೊಟರೆಯಲ್ಲಿ ಪುರಾತನವಾದ ಒಂದು ಪುಸ್ತಕ ದೊರೆಯುತ್ತದೆ. ಅವನು ಅದನ್ನು ಪೂಜಿಸಿ ಪದ್ಮನಂದಿಮುನಿಗಳಿಗೆ ಒಪ್ಪಿಸುತ್ತಾನೆ. ಅದೇ ಪುಸ್ತಕದಿಂದ ಹಿಂದಿನ ಮುನಿಗಳು ಆ ಅಡವಿಯಲ್ಲಿ ವ್ಯಾಖ್ಯಾನ ಮಾಡಿ, ಮತ್ತೆ ಪೊಟರೆಯಲ್ಲಿಯೇ ಇರಿಸಿ ಹೋಗುತ್ತಿದ್ದರೆಂಬ ಅಂಶವು ಈ ಕಥೆಯಲ್ಲಿ ವಿಶೇಷವಾಗಿ ಗಮನಾರ್ಹ. ಅಲ್ಲಿ ಪುಸ್ತಕವು ಯಾರೊಬ್ಬರ ಸ್ವತ್ತೂ ಅಲ್ಲ. ಬಂದವರು ಓದಿ ಮುಂದಿನವರಿಗಾಗಿ ಇಟ್ಟು ಹೋಗುವ ವಸ್ತು. ದಾನಿಯಾದ ಗೋಪಾಲಕನು ಪಂಡಿತನೂ ಅಲ್ಲ, ಧನಿಕನೂ ಅಲ್ಲ ಎಂಬುದನ್ನೂ ಮರೆಯಲಾಗದು.

ಕರ್ನಾಟಕದಲ್ಲಿ ಈ ಆದರ್ಶವು ಕಥೆಯಾಗಿಯೇ ಉಳಿಯಲಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರ ಪ್ರತಿಗಳೆಂದರೆ ಲೆಕ್ಕವಿಲ್ಲದಷ್ಟು ಗರಿಗಳು, ಅನೇಕ ಲಿಪಿಕಾರರ ದೀರ್ಘಕಾಲದ ಶ್ರಮ. ಒಂದು ಪ್ರತಿಯನ್ನು ಭದ್ರವಾಗಿ ಇರಿಸುವುದಕ್ಕಿಂತ ಸಾವಿರ ಕಡೆಗಳಲ್ಲಿ ಬಿತ್ತುವುದೇ ಗ್ರಂಥರಕ್ಷಣೆಯೆಂಬ ವಿವೇಕವು ಆಕೆಯಲ್ಲಿತ್ತು.

ಮೂಡುಬಿದಿರೆಯ ಪ್ರತಿಗಳೂ ಇಂತಹ ದಾನದ ಫಲಗಳೇ. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಮನೆತನಕ್ಕೆ ಸೇರಿದ ದೇಮಿಯಕ್ಕನು ಶ್ರುತಪಂಚಮೀ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಧವಲಾ ಗ್ರಂಥವನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳೆಂದು ಪ್ರತಿಯ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಮಹಾಬಂಧದ ಪ್ರತಿಯನ್ನು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮೀ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಆಚಾರ್ಯರಿಗೆ ದಾನವಿತ್ತಳು. ಈ ಮಹಿಳೆಯರು ಗ್ರಂಥಗಳನ್ನು ಪೆಟ್ಟಿಗೆಗೆ ಕೊಡಲಿಲ್ಲ, ಓದಿ ವ್ಯಾಖ್ಯಾನಿಸಬಲ್ಲ ಆಚಾರ್ಯರ ಕೈಗೆ ಕೊಟ್ಟರು. ದಾನದ ಈ ಉದ್ದೇಶವನ್ನು ಅರಿತಲ್ಲದೆ ಆ ಪ್ರತಿಗಳ ಮುಂದಿನ ಇತಿಹಾಸವನ್ನು ತೂಗಿನೋಡಲು ಬಾರದು.

ಕಾಲಾಂತರದಲ್ಲಿ ಈ ಗ್ರಂಥಗಳು ಮುಚ್ಚಿದ ಬಾಗಿಲಿನ ಹಿಂದೆ ಸರಿದುವು. ಇದಕ್ಕಾಗಿ ಭಂಡಾರದ ಪಾಲಕರನ್ನು ನಿಂದಿಸುವುದು ಸುಲಭ, ಆದರೆ ನ್ಯಾಯವಲ್ಲ. ಅನ್ಯತ್ರ ನಷ್ಟವಾದ ಗ್ರಂಥವು ಮೂಡುಬಿದಿರೆಯಲ್ಲಿ ಉಳಿದುದು ಪಾಲಕರ ಎಚ್ಚರದಿಂದಲೇ. ಕರಾವಳಿಯ ಮಳೆ, ಗೆದ್ದಲು, ಬೆಂಕಿ, ಕಳವು ಇವುಗಳ ನಡುವೆ ಏಳೆಂಟು ಶತಮಾನಗಳ ಕಾಲ ಗರಿಗಳನ್ನು ಕಾಪಾಡಿದುದು ಅಲ್ಪಕಾರ್ಯವಲ್ಲ. ಇದರೊಡನೆ ಅಧಿಕಾರದ ಪ್ರಶ್ನೆಯೂ ಸೇರಿಕೊಂಡಿತು. ಗೃಹಸ್ಥರಿಗೆ ಸಿದ್ಧಾಂತಗ್ರಂಥಗಳ ಅಧ್ಯಯನದಲ್ಲಿ ಅಧಿಕಾರವಿಲ್ಲವೆಂಬ ಅಭಿಪ್ರಾಯವು ಸಮಾಜದಲ್ಲಿ ಬೇರೂರಿತು.

ಆದರೆ ಪರಂಪರೆಯಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಸಿದ್ಧಾಂತದ ಸಾರಸಂಗ್ರಹ. ಅದು ರಚಿತವಾದುದು ಗೃಹಸ್ಥನೂ ಸೇನಾನಿಯೂ ಆದ ಚಾವುಂಡರಾಯನ ನಿಮಿತ್ತವಾಗಿ ಎಂಬುದು ಪ್ರಸಿದ್ಧ. ಅದಕ್ಕೆ ಕ್ರಿ.ಶ. 1359ರಲ್ಲಿ ಕೇಶವವರ್ಣಿಯು ಕನ್ನಡ ವೃತ್ತಿಯನ್ನು ಬರೆದನು. ಅದನ್ನು ಅನುಸರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಸಂಸ್ಕೃತದ ಮೂಲಕ ಅದೇ ಅರ್ಥಧಾರೆಯು ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರ ದೇಶಭಾಷಾ ಟೀಕೆಗೆ ಹರಿಯಿತು. ಕನ್ನಡ ನಾಡಿನ ಒಬ್ಬ ವಿದ್ವಾಂಸನ ಶ್ರಮವು ನಾಲ್ಕು ಶತಮಾನಗಳ ಬಳಿಕ ರಾಜಸ್ಥಾನದ ಶ್ರಾವಕರ ಸ್ವಾಧ್ಯಾಯಕ್ಕೆ ಒದಗಿದುದು ಗ್ರಂಥವು ಸಂಚರಿಸಿದುದರಿಂದಲೇ. ಇನ್ನು ಕರ್ಮಸಿದ್ಧಾಂತದ ದೃಷ್ಟಿಯಿಂದ ನೋಡಿದರೆ, ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣದ ಆಸ್ರವಕ್ಕೆ ಕಾರಣಗಳಾಗಿ ಹೇಳಲಾದವುಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯ ಎಂಬವು ಇವೆ. ತಿಳಿದುದನ್ನು ಮರೆಮಾಚುವುದು, ಕೊಡಬಹುದಾದುದನ್ನು ಕೊಡದಿರುವುದು, ಇನ್ನೊಬ್ಬರ ಜ್ಞಾನಾರ್ಜನೆಗೆ ವಿಘ್ನವಾಗುವುದು ಇವು ದೋಷಗಳೆಂದು ಶಾಸ್ತ್ರವೇ ಸಾರಿದೆ. ಹಾಗಿರಲು ಭಂಡಾರದ ಬೀಗವು ರಕ್ಷಣೆಗೆ ಸಾಧನವಾಗಿರುವ ತನಕ ಧರ್ಮ. ಅಂತರಾಯಕ್ಕೆ ಸಾಧನವಾದಾಗ ಅದು ಧರ್ಮವಾಗಿ ಉಳಿಯದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪರಿಸ್ಥಿತಿಯು ಬದಲಾಗತೊಡಗಿತು. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ ಅವರು ಯಾತ್ರಾರ್ಥವಾಗಿ ಮೂಡುಬಿದಿರೆಗೆ ಬಂದು ಈ ಪ್ರತಿಗಳನ್ನು ಕಂಡರು. ಗರಿಗಳು ಜೀರ್ಣವಾಗುತ್ತಿದ್ದುವು, ಹಳಗನ್ನಡ ಲಿಪಿಯನ್ನು ಓದಬಲ್ಲವರು ವಿರಳವಾಗಿದ್ದರು. ಮರುವರ್ಷ ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರು ಶ್ರವಣಬೆಳಗೊಳದ ಬ್ರಹ್ಮಸೂರಿಶಾಸ್ತ್ರಿಗಳೊಡನೆ ಬಂದಾಗ, ಶಾಸ್ತ್ರಿಗಳು ಗರಿಗಳನ್ನು ಓದಿ ತೋರಿಸಿದರು. 1896ರ ಸುಮಾರಿಗೆ ಬ್ರಹ್ಮಸೂರಿಶಾಸ್ತ್ರಿ ಮತ್ತು ಮಿರಜದ ಗಜಪತಿ ಉಪಾಧ್ಯಾಯರಿಂದ ಪ್ರತಿಲಿಪಿಯ ಕಾರ್ಯವು ಆರಂಭವಾಯಿತು. ಮೂರೂ ಗ್ರಂಥಗಳ ಪ್ರತಿಗಳು ಸಿದ್ಧವಾಗುವ ಹೊತ್ತಿಗೆ 1922 ಬಂದಿತ್ತು. ಆದರೆ ಹೊಸ ಪ್ರತಿಗಳೂ ಅದೇ ಭಂಡಾರದಲ್ಲಿ ಉಳಿದುವು. ಗ್ರಂಥಕ್ಕೆ ಮತ್ತೊಂದು ದೇಹ ದೊರೆಯಿತಾದರೂ ಸಂಚಾರ ದೊರೆಯಲಿಲ್ಲ.

ಸಂಚಾರವು ದೊರೆತುದು ಅನ್ಯಮಾರ್ಗದಿಂದ. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸುವ ಕೆಲಸದಲ್ಲಿದ್ದ ಪಂಡಿತ ಸೀತಾರಾಮಶಾಸ್ತ್ರಿಗಳು ತಮಗಾಗಿಯೂ ಒಂದು ಪ್ರತಿಯನ್ನು ಉಳಿಸಿಕೊಂಡರು. ಆರಾ, ಕಾರಂಜಾ, ಅಮರಾವತಿ ಮೊದಲಾದ ಕಡೆಗಳಿಗೆ ಗ್ರಂಥವು ಹರಡಿದುದು ಆ ಪ್ರತಿಯಿಂದ. ಈ ಕಾರ್ಯವನ್ನು ವಿಶ್ವಾಸಭಂಗವೆನ್ನಬೇಕೇ, ಶ್ರುತಸೇವೆಯೆನ್ನಬೇಕೇ? ಪಾಲಕರ ಅನುಮತಿಯಿಲ್ಲದೆ ಪ್ರತಿಮಾಡಿದುದು ದೋಷವೆಂಬುದರಲ್ಲಿ ಸಂದೇಹವಿಲ್ಲ. ಆ ದೋಷವಿಲ್ಲದಿದ್ದರೆ ಗ್ರಂಥಪ್ರಕಾಶನವು ಇನ್ನೂ ತಡವಾಗುತ್ತಿದ್ದಿತೆಂಬುದರಲ್ಲಿಯೂ ಸಂದೇಹವಿಲ್ಲ. ನೇರವಾದ ಬಾಗಿಲು ತೆರೆಯದಿದ್ದಾಗ ಜಿಜ್ಞಾಸೆಯು ಹಿತ್ತಿಲ ದಾರಿಯನ್ನು ಹಿಡಿಯುತ್ತದೆ. ಆ ದಾರಿಯಲ್ಲಿ ಬಂದ ಪಾಠದಲ್ಲಿ ಸ್ಖಾಲಿತ್ಯಗಳೂ ಬರುತ್ತವೆ.

ಈ ಮಾತಿಗೆ ಉತ್ತಮ ನಿದರ್ಶನವೊಂದಿದೆ. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟವು 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು. ಆಗ ಸಂಪಾದಕರ ಮುಂದಿದ್ದುದು ಪ್ರತಿಯ ಪ್ರತಿಗಳು ಮಾತ್ರ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವಲ್ಲಿ, ‘ಸಂಜದ’ ಎಂಬ ಪದವಿರಬೇಕೆಂದು ಅರ್ಥಸಂಗತಿಯ ಬಲದಿಂದ ಅವರು ಸೂಚಿಸಿದರು. ಪದವು ಅವರ ಪ್ರತಿಗಳಲ್ಲಿ ಇರಲಿಲ್ಲ. ಸಿದ್ಧಾಂತದ ಸೂಕ್ಷ್ಮಪ್ರಶ್ನೆಯೊಂದು ಅದರಲ್ಲಿ ಅಡಗಿದ್ದುದರಿಂದ ಪಂಡಿತವರ್ಗದಲ್ಲಿ ತೀವ್ರವಾದ ಚರ್ಚೆಯೆದ್ದಿತು. ಬಳಿಕ ಮೂಡುಬಿದಿರೆಯ ಭಂಡಾರವು ಪಾಠಸಂವಾದಕ್ಕೆ ತೆರೆದುಕೊಂಡಿತು. ತಾಡಪತ್ರಗಳನ್ನು ಪರೀಕ್ಷಿಸಿದಾಗ ‘ಸಂಜದ’ ಪದವು ಅಲ್ಲಿ ಇದ್ದುದು ಸಿದ್ಧವಾಯಿತು. ಎಷ್ಟೋ ಲೇಖನಗಳ ವಾದದಿಂದ ಮುಗಿಯದ ವಿಷಯದಲ್ಲಿ ಗರಿಯೊಂದರ ಸಾಕ್ಷ್ಯವು ನಿರ್ಣಾಯಕವಾಯಿತು. ಧವಲೆಯ 16 ಸಂಪುಟಗಳು 1959ರ ಹೊತ್ತಿಗೆ ಪೂರ್ಣಗೊಂಡುವು. ಮಹಾಬಂಧವು 1947ರಿಂದ ಭಾರತೀಯ ಜ್ಞಾನಪೀಠದಿಂದ 7 ಸಂಪುಟಗಳಲ್ಲಿ ಹೊರಬಂದಿತು. ಭಂಡಾರವು ತೆರೆದುದರಿಂದ ಗ್ರಂಥದ ಪಾವಿತ್ರ್ಯಕ್ಕೆ ಹಾನಿಯಾಗಲಿಲ್ಲ. ಪಾಠವು ಶುದ್ಧವಾಯಿತು, ಮೂಲಪ್ರತಿಯ ಗೌರವವು ಇಮ್ಮಡಿಸಿತು.

ಪ್ರಕಾಶನದಷ್ಟೇ ಮಹತ್ತ್ವದ್ದು ಸೂಚಿಯ ಕಾರ್ಯ. ಆರಾದ ಜೈನ ಸಿದ್ಧಾಂತ ಭವನದಲ್ಲಿ ಸೇವೆ ಸಲ್ಲಿಸಿದ್ದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿತು. ಮೂಡುಬಿದಿರೆಯ ಭಂಡಾರಗಳೊಡನೆ ಕಾರ್ಕಳದ ಜೈನಮಠ, ಅಳಿಯೂರಿನ ಗ್ರಂಥಭಂಡಾರ ಇವುಗಳ ಪ್ರತಿಗಳೂ ಅದರಲ್ಲಿ ಸೇರಿದುವು. ಸೂಚಿಯು ಗ್ರಂಥವನ್ನು ಕೊಡುವುದಿಲ್ಲ. ಗ್ರಂಥವು ಎಲ್ಲಿದೆಯೆಂಬ ಅರಿವನ್ನು ಕೊಡುತ್ತದೆ. ಇರುವಿಕೆಯೇ ತಿಳಿಯದ ಗ್ರಂಥವನ್ನು ಕೇಳುವವರಿಲ್ಲ, ಕಳೆದುಹೋದರೆ ಅರಸುವವರೂ ಇಲ್ಲ. ಸೂಚಿಯು ಪ್ರಕಟವಾದಂದಿನಿಂದ ಕಾಶಿಯ ಪಂಡಿತನಿಗೂ ಅಜೆಕಾರಿನ ವಿದ್ಯಾರ್ಥಿಗೂ ಈ ಭಂಡಾರಗಳ ವಿಷಯದಲ್ಲಿ ಸಮಾನವಾದ ತಿಳಿವು ಸಾಧ್ಯವಾಯಿತು.

ಆದರೆ ಮಠಗಳ ಭಂಡಾರದೊಡನೆ ಕಾರ್ಯವು ಮುಗಿಯುವುದಿಲ್ಲ. ನೋಂಪಿಯ ಕಥೆಗಳು, ಪೂಜಾವಿಧಿಗಳು, ಸಾಂಗತ್ಯಗಳು, ವೈದ್ಯ ಮತ್ತು ಜ್ಯೋತಿಷದ ಸಂಗ್ರಹಗಳು ಮನೆಗಳಲ್ಲಿ ಮತ್ತು ಬಸದಿಗಳಲ್ಲಿ ಓದಲ್ಪಡುತ್ತಿದ್ದ ಓಲೆಗಳು. ರತ್ನಾಕರವರ್ಣಿಯಂತಹ ಕವಿಯು ಬಾಳಿದ, ಚಂದ್ರಮನು 1646ರಲ್ಲಿ ಕಾರ್ಕಳದ ಗೊಮ್ಮಟನ ಚರಿತೆಯನ್ನು ಹಾಡಿದ ಸೀಮೆಯಿದು. ಇಂತಹಲ್ಲಿ ಅಟ್ಟದ ಮೇಲಿನ ಕಟ್ಟೊಂದರ ಬೆಲೆಯನ್ನು ಬಿಚ್ಚಿ ನೋಡದೆ ನಿರ್ಣಯಿಸಲಾಗದು. ಕೇಂದ್ರ ಸರಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗಾಗಿ ಜ್ಞಾನಭಾರತಂ ಎಂಬ ಯೋಜನೆಯು ಘೋಷಿತವಾಯಿತು. ಇಂತಹ ಯೋಜನೆಗಳು ಮನೆಮನೆಗೆ ತಲುಪಬೇಕಾದರೆ ಆಯಾ ಊರಿನ ಶ್ರಾವಕರ ವಿಶ್ವಾಸವು ಮೊದಲು ಬೇಕು.

ವಿಶ್ವಾಸವನ್ನು ಗಳಿಸುವ ಕ್ರಮವನ್ನು ಮೇಲಿನ ಇತಿಹಾಸವೇ ಸೂಚಿಸುತ್ತದೆ. ಓಲೆಯು ಮನೆಯವರದಾಗಿಯೇ ಉಳಿಯಲಿ, ಅದರ ಬಿಂಬವು ಮಾತ್ರ ಸಮಾಜದ್ದಾಗಲಿ. ಬಿಂಬವನ್ನು ತೆಗೆಯುವ ಮುನ್ನ ಒಡೆಯರ ಒಪ್ಪಿಗೆಯಿರಲಿ, ತೆಗೆದ ಮೇಲೆ ಒಂದು ಪ್ರತಿಯು ಆ ಮನೆಗೇ ಸಲ್ಲಲಿ. ಗ್ರಂಥನಾಮ, ಕರ್ತೃ, ಗರಿಗಳ ಸಂಖ್ಯೆ, ಆದಿ ಮತ್ತು ಅಂತ್ಯದ ಪಾಠ, ಪುಷ್ಪಿಕೆ, ತ್ರುಟಿತಭಾಗದ ವಿವರ ಇವಿಷ್ಟನ್ನು ಬರೆದಿಟ್ಟರೆ ಸೂಚಿಯು ಸಿದ್ಧ. ಆ ಸೂಚಿಯನ್ನು ಕೇಳಿದವರಿಗೆಲ್ಲ ಮುಕ್ತವಾಗಿ ಕೊಡಬೇಕು. ಬಿಂಬದ ಸಂಗ್ರಹವನ್ನು ಒಂದೇ ಕಡೆ ಇರಿಸಿ ಮತ್ತೆ ಬೀಗ ಹಾಕಿದರೆ 1922ರ ಸ್ಥಿತಿಯೇ ಮರುಕಳಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹಳಗನ್ನಡ ಲಿಪಿಯನ್ನು ಓದಬಲ್ಲ ಕೆಲವರಾದರೂ ಪ್ರತಿಯೊಂದು ಪೀಳಿಗೆಯಲ್ಲಿ ತಯಾರಾಗಬೇಕು. 1884ರಲ್ಲಿ ಬ್ರಹ್ಮಸೂರಿಶಾಸ್ತ್ರಿಗಳು ಇಲ್ಲದಿದ್ದರೆ, ತೆರೆದ ಗ್ರಂಥವೂ ಮುಚ್ಚಿದ ಗ್ರಂಥದಂತೆಯೇ ಇರುತ್ತಿತ್ತು.

ಶ್ರುತಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಪೂಜೆ ನಡೆಯುತ್ತದೆ. ಅಂದು ಕಟ್ಟುಗಳನ್ನು ಹೊರತೆಗೆದು, ಧೂಳನ್ನು ಒರೆಸಿ, ಗಂಧಾಕ್ಷತೆಯನ್ನು ಏರಿಸುವ ಕೈಗಳೇ ಒಂದೊಂದು ಕಟ್ಟಿನ ವಿವರವನ್ನು ಬರೆದಿಟ್ಟರೆ ಪೂಜೆಯು ಪೂರ್ಣವಾಗುತ್ತದೆ. ದೇಮಿಯಕ್ಕನ ವ್ರತವು ಪೂರ್ಣವಾದುದು ಗ್ರಂಥವು ಓದುವವರ ಕೈಸೇರಿದಾಗ. ಗೋಪಾಲಕನ ಪುಣ್ಯವೂ ಅಲ್ಲಿಯೇ ಇದೆ. ಪೊಟರೆಯಲ್ಲಿ ಕಂಡುದನ್ನು ಅವನು ತನ್ನ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ.